ಮೆದುಳಿನ ಆಳದ ಗಡ್ಡೆಗೆ ಯಾವ ದಾರಿ?

ಪ್ರಶ್ನೆ: ನನ್ನ ತಮ್ಮನಿಗೆ ಮೆದುಳಿನ ನಡುಭಾಗದ ಮೂರನೆಯ ಕುಹರದಲ್ಲಿ, ಅಂದರೆ ದ್ರವ ತುಂಬಿದ ಪೊಳ್ಳಿನಲ್ಲಿ, ಗಡ್ಡೆಯಿದೆ. ತಲೆಬುರುಡೆ ತೆರೆದು ಮೆದುಳಿನ ಎರಡು ಅರ್ಧಗೋಳಗಳ ಸಂದಿನಿಂದ ಹೋಗಬೇಕೆಂದು ಒಬ್ಬ ಶಸ್ತ್ರವೈದ್ಯರು ಹೇಳಿದರೆ, ಎಂಡೊಸ್ಕೋಪ್ (ಕ್ಯಾಮೆರಾ ಇರುವ ತೆಳು ಕೊಳವೆ) ಸಾಕೆಂದು ಇನ್ನೊಬ್ಬರು ಹೇಳುತ್ತಾರೆ. ಹತ್ತಿರದ ದಾರಿಯನ್ನೇ ಹಿಡಿಯಬಾರದೇಕೆ?

ಉತ್ತರ: ಹತ್ತಿರದ ದಾರಿಯಲ್ಲಿ ಮಾತಿಗೋ ಕೈಕಾಲುಗಳ ಚಲನೆಗೋ ಬೇಕಾದ ನರತಂತುಗಳು ಅಡ್ಡ ಬರುವುದಾದರೆ, ಕೆಲವು ಸೆಂಟಿಮೀಟರ್ ಹೆಚ್ಚಾದರೂ ಸುತ್ತುದಾರಿಯೇ ಮೇಲು. ಅರ್ಧಗೋಳಗಳ ನಡುವಿನ ಸಂದು ನಿಸರ್ಗವೇ ಬಿಟ್ಟಿರುವ ಬಿರುಕಾದ್ದರಿಂದ, ಅಲ್ಲಿ ಮೆದುಳಿನ ಹೊರಪದರವನ್ನು ಕೊಯ್ಯಬೇಕಾಗಿಲ್ಲ. ಸಾಮಾನ್ಯವಾಗಿ ಬಲಭಾಗವನ್ನು ಮೆಲ್ಲನೆ ಸರಿಸಿ ಒಳಗಿಳಿದಾಗ, ಎರಡು ಅಪಧಮನಿಗಳ ನಡುವೆ ಅರ್ಧಗೋಳಗಳನ್ನು ಬೆಸೆಯುವ ಅಚ್ಚ ಬಿಳಿಯ ತಂತುಪಟ್ಟಿ ಕಾಣುತ್ತದೆ. ಅದರಲ್ಲಿ 1ರಿಂದ 2 ಸೆಂ.ಮೀ. ಉದ್ದದ ಸೀಳು ಮಾಡಿ ಮೊದಲು ಪಕ್ಕದ ಕುಹರವನ್ನು ಪ್ರವೇಶಿಸುತ್ತಾರೆ. ಆದರೆ ತೊಡಕು ಮೇಲೆಯೇ ಇದೆ: ಮೆದುಳಿನ ಮೇಲ್ಮೈಯಿಂದ ನೆತ್ತಿಯ ನಡುವಿನ ದೊಡ್ಡ ಅಭಿಧಮನಿಗೆ ಸೇತುವೆಯಂತೆ ಸಾಗುವ ರಕ್ತನಾಳಗಳಿಗೆ ಪೆಟ್ಟಾದರೆ ಆ ಭಾಗ ಊದಿಕೊಳ್ಳಬಹುದು. ಆದ್ದರಿಂದ ಮೂಳೆಯನ್ನು ಎಲ್ಲಿ ತೆರೆಯಬೇಕೆಂಬುದನ್ನು, ಎಷ್ಟೋ ಸಲ, ಗಡ್ಡೆಗಿಂತ ಈ ನಾಳಗಳೇ ನಿರ್ಧರಿಸುತ್ತವೆ.

ಎಂಡೊಸ್ಕೋಪಿಗೆ ನಾಣ್ಯದಷ್ಟು ರಂಧ್ರ ಸಾಕಾದರೂ, ಅದು ಮುಂಭಾಗದ ಮೆದುಳನ್ನು ತೂರಿಕೊಂಡೇ ಹೋಗಬೇಕು. ಕುಹರಗಳು ದ್ರವ ತುಂಬಿ ಹಿಗ್ಗಿದ್ದು, ಗಡ್ಡೆಯು ಕೊಲಾಯ್ಡ್ ಸಿಸ್ಟ್‌ನಂಥ ಚೀಲವಾಗಿದ್ದರೆ ಇದು ಒಳ್ಳೆಯ ಆಯ್ಕೆ. ಗಟ್ಟಿಯಾದ, ರಕ್ತನಾಳಗಳಿಂದ ತುಂಬಿದ ಗಡ್ಡೆಗೆ ನಾನು ಇದನ್ನು ಸುಲಭವಾಗಿ ಒಪ್ಪುವುದಿಲ್ಲ. ಸ್ವಲ್ಪ ರಕ್ತ ಒಸರಿದರೂ ತಿಳಿಯಾದ ದ್ರವ ಕೆಂಪಾಗಿ ಕಣ್ಣೆದುರಿನ ದೃಶ್ಯವೇ ಮಾಯವಾಗುತ್ತದೆ, ಆಗ ದ್ರಾವಣ ಹಾಯಿಸುತ್ತಾ ಅದು ತಿಳಿಯಾಗುವವರೆಗೆ ಕಾಯಬೇಕಾಗುತ್ತದೆ.

ಎರಡೂ ದಾರಿಗಳು ಕೊನೆಗೆ ಸೇರುವುದು ಸಾಮಾನ್ಯವಾಗಿ, ಪಕ್ಕದ ಕುಹರದಿಂದ ಮೂರನೆಯದಕ್ಕೆ ತೆರೆಯುವ, ಮನ್ರೋ ರಂಧ್ರವೆಂಬ ಒಂದೇ ಕಿರುಬಾಗಿಲಿಗೆ. ಅದರ ಅಂಚಿನಲ್ಲೇ ಇರುವ ಫಾರ್ನಿಕ್ಸ್ ಎಂಬ ತಂತುಕಟ್ಟಿಗೆ ಎರಡೂ ಬದಿ ಪೆಟ್ಟಾದರೆ ಹೊಸ ಸಂಗತಿಗಳು ನೆನಪಿನಲ್ಲಿ ಉಳಿಯದಂತಾಗಬಹುದು. ಉಪಕರಣ ಮೆದುಳಿನಲ್ಲಿ ಎಲ್ಲಿದೆಯೆಂದು ಸ್ಕ್ಯಾನ್ ಚಿತ್ರದ ಮೇಲೆ ತೋರಿಸುವ ನ್ಯಾವಿಗೇಷನ್ ಯಂತ್ರ ಇಲ್ಲಿ ನೆರವಾದೀತು, ಆದರೆ ದ್ರವ ಹೊರಬಂದೊಡನೆ ಮೆದುಳು ಕೊಂಚ ಜರುಗಿ, ಮೊದಲೇ ತೆಗೆದ ಎಂಆರ್‌ಐ ನಕ್ಷೆ ತುಸು ತಪ್ಪುತ್ತದೆ.

ಎಲ್ಲ ಗಡ್ಡೆಗಳನ್ನೂ ಪೂರ್ತಿ ತೆಗೆಯಬೇಕೆಂದಿಲ್ಲ. ವಿಕಿರಣಕ್ಕೆ ಚೆನ್ನಾಗಿ ಕರಗುವ ಜರ್ಮಿನೋಮಾ ಎಂಬ ಗಡ್ಡೆಯಾಗಿದ್ದರೆ ಬಯಾಪ್ಸಿಯ (ಚೂರು ತೆಗೆದು ಪರೀಕ್ಷಿಸುವುದು) ನಂತರ ವಿಕಿರಣವೇ ಮುಖ್ಯ ಚಿಕಿತ್ಸೆ, ಜೊತೆಗೆ ಹಲವೊಮ್ಮೆ ಕಿಮೊಥೆರಪಿ.

ಹಾಗಾಗಿ ಇಬ್ಬರು ವೈದ್ಯರನ್ನೂ ಕೇಳಿ: ಕುಹರಗಳು ಹಿಗ್ಗಿವೆಯೇ, ಗಡ್ಡೆ ಯಾವ ಬಗೆಯದೆಂದು ಅವರ ಅಂದಾಜು, ಎಂಡೊಸ್ಕೋಪಿನಲ್ಲಿ ರಕ್ತಸ್ರಾವ ನಿಲ್ಲದಿದ್ದರೆ ಮುಂದೇನು? ಈ ನಡುವೆ ತಮ್ಮನಿಗೆ ತೀವ್ರ ತಲೆನೋವು, ವಾಂತಿ ಅಥವಾ ಮಂಪರು ಕಾಣಿಸಿಕೊಂಡರೆ, ದ್ರವದ ಹರಿವು ಕಟ್ಟಿಕೊಂಡಿರಬಹುದಾದ್ದರಿಂದ, ತಕ್ಷಣ ತುರ್ತು ಚಿಕಿತ್ಸೆಗೆ ಕರೆದೊಯ್ಯಿರಿ.