ನೀವೂ ಒಂದು ನಮೂನೆ ಕೊಟ್ರಲ್ಲ ಮೇಡಂ

ಜೂನ್ ಬಂತೆಂದರೆ ಆಪ್ತಸಲಹೆಗೆಂದು ನನ್ನ ಕೋಣೆಗೆ ಶಿಕ್ಷಕರು ಬರಲು ಶುರು. ಶನಿವಾರ ಬೆಳಗಿನ ಶಾಲೆ ಮುಗಿಸಿ, ಖಾಲಿ ಬುತ್ತಿ ಡಬ್ಬಿಯ ಸಮೇತ ಬಸ್ಸಿಳಿದು ನೇರ ಬರುತ್ತಾರೆ. ಹೇಳಿಕೊಳ್ಳುವುದು ನಿದ್ದೆ ಇಲ್ಲ, ಬಿಪಿ ಏರಿದೆ, ಮನೆಯವರ ಮೇಲೆ ಸಿಡುಕುತ್ತೇನೆ ಅಂತ. ಅರ್ಧ ಗಂಟೆ ಕಳೆದ ಮೇಲೆ ಹೊರಬೀಳುವ ಮಾತೇ ಬೇರೆ. ಅಂಥವರಲ್ಲಿ ಒಬ್ಬರ ಕಥೆಯನ್ನು ಅವರ ಒಪ್ಪಿಗೆ ಪಡೆದು, ಗುರುತು ಹತ್ತುವ ವಿವರಗಳನ್ನು ಬದಲಿಸಿ ಬರೆಯುತ್ತಿದ್ದೇನೆ. ಇದರಲ್ಲಿ ಮೊದಲು ಎಡವಿದ್ದು ನಾನು. ಬರೆಯಲು ಅದೂ ಒಂದು ಕಾರಣ.

ಸರೋಜಾ ಎನ್ನೋಣ. ವಯಸ್ಸು 43. ಇಬ್ಬರೇ ಶಿಕ್ಷಕರಿರುವ ಸರ್ಕಾರಿ ಕಿರಿಯ ಪ್ರಾಥಮಿಕ ಶಾಲೆ. ನಲಿ-ಕಲಿ, ಅಂದರೆ ಕಾರ್ಡು ಹಿಡಿದು ಆಟದ ಜೊತೆ ಕಲಿಸುವ ಪದ್ಧತಿಯ, ಒಂದರಿಂದ ಮೂರನೇ ತರಗತಿ ಇವರ ಪಾಲು, ಮುಖ್ಯ ಶಿಕ್ಷಕರ ಪ್ರಭಾರವೂ ಇವರದೇ. ನಾಲ್ಕು-ಐದನ್ನು ಒಬ್ಬ ಅತಿಥಿ ಶಿಕ್ಷಕಿ ನೋಡಿಕೊಳ್ಳುತ್ತಾಳೆ. ಭಾನುವಾರ ಸಂಜೆಯಾದರೆ ಸರೋಜಾ ಅವರಿಗೆ ಗಂಟಲು ಕಟ್ಟುತ್ತದೆ, ರಾತ್ರಿ ಎರಡಕ್ಕೆ ಎಚ್ಚರ. ಥೈರಾಯ್ಡ್ ಸರಿಯಿದೆ, ಗಂಟಲಿನ ಡಾಕ್ಟರು ಏನೂ ಇಲ್ಲ ಅಂದಿದ್ದಾರೆ. ಅವರ ಪ್ರಶ್ನೆ ಒಂದೇ: "ಸಿಆರ್‌ಪಿ ಪರೀಕ್ಷೆ ಬರೆದು ತರಗತಿಯಿಂದ ಆಚೆ ಹೋಗಿಬಿಡ್ಲಾ?" ಸಿಆರ್‌ಪಿ ಎಂದರೆ ಸುತ್ತಲಿನ ಶಾಲೆಗಳ ಗುಂಪಿನ, ಅಂದರೆ ಕ್ಲಸ್ಟರಿನ, ಸಂಪನ್ಮೂಲ ವ್ಯಕ್ತಿ.

ನಮ್ಮಲ್ಲಿ ಸರ್ಕಾರಿ ಶಿಕ್ಷಕರು ಕೆಲಸ ಬಿಡುವುದು ಅಪರೂಪ. ಅವರು ಬಿಡುವುದು ತರಗತಿಯನ್ನು. ಸಿಆರ್‌ಪಿ ಆಗುತ್ತಾರೆ, ತಾಲ್ಲೂಕು ಮಟ್ಟದಲ್ಲಿ ಅಂಥದೇ ಬಿಆರ್‌ಪಿ ಆಗುತ್ತಾರೆ, ಯಾವುದೋ ಕಚೇರಿಗೆ ನಿಯೋಜನೆ ಹಾಕಿಸಿಕೊಳ್ಳುತ್ತಾರೆ, ಇಲ್ಲವೇ ವರ್ಗಾವಣೆಯ ಕೌನ್ಸೆಲಿಂಗ್‌ನಲ್ಲಿ ಸಿ ವಲಯದ ಹಳ್ಳಿಯಿಂದ ಪೇಟೆಗೆ ಸರಿಯುತ್ತಾರೆ. ಸಂಬಳದ ಪಟ್ಟಿಯಲ್ಲಿ ಹೆಸರು ಇದ್ದೇ ಇರುತ್ತದೆ. ಮಕ್ಕಳ ಮುಂದೆ ಇರುವುದಿಲ್ಲ.

ಮೊದಲ ಭೇಟಿಯಲ್ಲಿ ನಾನು ಮಾಮೂಲಿ ಕೆಲಸ ಮಾಡಿದೆ. ಉಸಿರಾಟ ಹೇಳಿಕೊಟ್ಟೆ. ಒಂದು ಹಾಳೆ ಕೊಟ್ಟೆ: ದಿನಾಂಕ, ಮಲಗಿದ ಸಮಯ, ಎಚ್ಚರವಾದ ಸಮಯ, ಆಗ ಬಂದ ಯೋಚನೆ, ಅದರ ತೀವ್ರತೆ ಹತ್ತಕ್ಕೆ ಎಷ್ಟು. ಎರಡು ವಾರ ಬಿಟ್ಟು ಬಂದವರು ಅದನ್ನು ಮಡಿಕೆ ಕೂಡ ಬಿಚ್ಚದೆ ಮೇಜಿನ ಮೇಲಿಟ್ಟರು.

"ತುಂಬಿಲ್ಲ ಮೇಡಂ. ಬೈಬೇಡಿ."

"ಬಯ್ಯೋದೇಕೆ? ಯಾಕೆ ತುಂಬಲಿಲ್ಲ ಹೇಳಿ."

"ನೀವೂ ಒಂದು ನಮೂನೆ ಕೊಟ್ರಲ್ಲ ಅನ್ನಿಸ್ತು."

ಈ ಹಾಳೆಯಿಂದ ಎಷ್ಟು ಜನಕ್ಕೆ ಉಪಯೋಗವಾಗಿದೆ ಗೊತ್ತಾ ಎನ್ನಲು ಹೊರಟಿದ್ದೆ. ಬಾಯಿ ಮುಚ್ಚಿಕೊಂಡೆ. ಶಾಲೆಯಲ್ಲಿ ಎಷ್ಟು ನಮೂನೆ ತುಂಬುತ್ತೀರಿ ಎಂದು ಕೇಳಿದೆ. ಬೆರಳು ಮಡಚಿದರು: ಬಿಸಿಯೂಟದ ಲೆಕ್ಕ, ಹಾಲಿನ ಪುಡಿ, ಮೊಟ್ಟೆ-ಬಾಳೆಹಣ್ಣು, ಶೂ ಅಳತೆ, ಸ್ಯಾಟ್ಸ್ ಎಂಬ ಆನ್‌ಲೈನ್ ದಾಖಲೆಗೆ ಮಕ್ಕಳ ವಿವರದ ಎಂಟ್ರಿ, ಪ್ರಗತಿ ನೋಟ, ತರಬೇತಿಗೆ ಮುಂಚೆ ಒಂದು ಪರೀಕ್ಷೆ, ಮುಗಿದ ಮೇಲೆ ಇನ್ನೊಂದು, ಪಾಠ ಮಾಡುತ್ತಿರುವ ಫೋಟೋ ವಾಟ್ಸಾಪ್ ಗುಂಪಿಗೆ. "ಪಾಠ ಮಾಡ್ತಿರೋ ಫೋಟೋ ತೆಗೆಯೋಕೆ ಪಾಠ ನಿಲ್ಲಿಸ್ಬೇಕು" ಎಂದು ತಾವೇ ನಕ್ಕರು.

ಆಮೇಲೆ ಚೀಲದಿಂದ ರಬ್ಬರ್ ಬ್ಯಾಂಡ್ ಹಾಕಿದ ಕಾರ್ಡುಗಳ ಕಟ್ಟು ತೆಗೆದರು. ಅಂಚು ಸವೆದಿತ್ತು, ಕೆಲವಕ್ಕೆ ಸೆಲ್ಲೋಟೇಪ್ ಹಚ್ಚಿತ್ತು. ಒಂದೊಂದಾಗಿ ನನ್ನ ಮುಂದೆ ಹರಡಿದರು. ರ, ಗ, ಸ, ದ, ಅ. ನಲಿ-ಕಲಿಯಲ್ಲಿ ಅಕ್ಷರ ಶುರುವಾಗುವುದೇ ಹೀಗೆ. ಐದು ಅಕ್ಷರ ಬಂದರೆ ಸಾಕು, ಮಗು ಸರ, ದರ, ಅರಸ, ಅಗಸ ಎಂದು ಪದಕ್ಕೇ ಕೈ ಹಾಕುತ್ತದೆ.

"ಇದನ್ನ ಮೊದಲು ವಿರೋಧಿಸಿದ್ದು ನಾನೇ ಮೇಡಂ. ಅ ಆ ಇ ಈ ಬಿಟ್ಟು ಇದೆಂಥದು ಅಂತ. ಊರವರೂ ಜಗಳಕ್ಕೆ ಬಂದ್ರು. ಕೈ ಕೂರೋಕೆ ಮೂರು ವರ್ಷ ಹಿಡೀತು. ಒಂದ್ಸಲ ಕೂತಿತು ನೋಡಿ, ಯಾವ ಮಗು ಯಾವ ಕಾರ್ಡಿನ ಹತ್ರ ಸಿಕ್ಕೊಂಡಿದೆ ಅಂತ ಬಾಗಿಲಲ್ಲೇ ನಿಂತು ಹೇಳ್ತಿದ್ದೆ. ಆಮೇಲೆ ಒಂದರ ಹಿಂದೆ ಒಂದು ಹೊಸ ಕಾರ್ಯಕ್ರಮ: ಚೇತರಿಕೆ ಬಂತು, ವಿದ್ಯಾಪ್ರವೇಶ ಬಂತು, ಎಫ್‌ಎಲ್‌ಎನ್ ಬಂತು. ಸೇವಾ ಪುಸ್ತಕದಲ್ಲಿ ನಂದು ಹದಿನೆಂಟು ವರ್ಷ. ತರಬೇತಿ ಹಾಲ್‌ಗೆ ಹೋದ್ರೆ ಸೊನ್ನೆ."

ಆ ಸೊನ್ನೆಯೇ ಗಂಟಲಲ್ಲಿ ಕೂತಿತ್ತು.

ಬದಲಾವಣೆ ಲೋಕದ ನಿಯಮ, ಹೊಂದಿಕೊಳ್ಳಿ ಎಂದು ಹೇಳಿ ಕಳಿಸಬಹುದಿತ್ತು. ನಮ್ಮ ವೃತ್ತಿಯಲ್ಲಿ ಅದಕ್ಕಿಂತ ಅಗ್ಗದ ಮಾತಿಲ್ಲ. ಒಮ್ಮೆ ಪೂರ್ತಿ ಬದಲಾಗಿ ತೋರಿಸಿದ ಹೆಂಗಸಿಗೆ ಬದಲಾವಣೆಯ ಪಾಠ ಹೇಳುವುದೇ? ಇನ್ನೊಂದು ಮಾತು. ನಲಿ-ಕಲಿ 1995ರಲ್ಲಿ ಎಚ್.ಡಿ. ಕೋಟೆಯಲ್ಲಿ ಹುಟ್ಟಿದಾಗ ಆಂಧ್ರದ ರಿಷಿ ವ್ಯಾಲಿ ಶಾಲೆಗೆ ಹೋಗಿ ನೋಡಿಕೊಂಡು ಬಂದು ಕಾರ್ಡು ಬರೆದವರು ಅಲ್ಲಿನ ಶಿಕ್ಷಕರೇ. 2009-10ರ ಹೊತ್ತಿಗೆ ರಾಜ್ಯಕ್ಕೆಲ್ಲ ಹರಡುವಾಗ ಅದೇ ಸುತ್ತೋಲೆಯಾಗಿ ಬಂತು. ಶಿಕ್ಷಕರ ಕೈಯಲ್ಲಿ ಹುಟ್ಟಿದ್ದೇ ಹಾಗೆ ಬಂದ ಮೇಲೆ ಮಿಕ್ಕಿದ್ದರ ಮಾತೇನು? ನನ್ನಲ್ಲಿಗೆ ಬರುವ ಪ್ರೌಢಶಾಲೆಯವರದೂ ಇದೇ ಗೋಳು: 2022ರಲ್ಲಿ ಪಠ್ಯ ಪರಿಷ್ಕರಣೆ, 2023ರಲ್ಲಿ ಅದರ ಮರುಪರಿಷ್ಕರಣೆ, ಪುಸ್ತಕ ಮಕ್ಕಳ ಕೈ ಸೇರಿದ ಮೇಲೆ ಈ ಪಾಠ ಬಿಡಿ ಎಂಬ ಆದೇಶ. 2024ರಲ್ಲಂತೂ 5, 8, 9ನೇ ತರಗತಿಯ ಮಕ್ಕಳು ಬರೆದು ಮುಗಿಸಿದ್ದ ಬೋರ್ಡ್ ಪರೀಕ್ಷೆಯ ಫಲಿತಾಂಶಕ್ಕೆ ಸುಪ್ರೀಂ ಕೋರ್ಟ್ ತಡೆ ಕೊಟ್ಟಿತು. ಯಾವ ಪರಿಷ್ಕರಣೆ ಸರಿ, ಯಾವುದು ತಪ್ಪು ಎಂಬುದು ನನ್ನ ಕೋಣೆಯ ವಿಷಯವಲ್ಲ. ಪೆಟ್ಟು ಬೀಳುವ ಬೆನ್ನು ಯಾರದು ಎಂಬುದು ನನ್ನ ವಿಷಯ.

ಸಲಹೆ ದೊಡ್ಡದೇನಲ್ಲ. ರಾತ್ರಿ ಎಂಟರ ಮೇಲೆ ಶಾಲೆಯ ವಾಟ್ಸಾಪ್ ಗುಂಪು ತೆರೆಯಬೇಡಿ, ವರದಿ ತಡವಾಗಿ ನೋಟಿಸ್ ಬಂದರೆ ಬರಲಿ ಎಂದೆ. ಹೊಸ ಮಾಡ್ಯೂಲನ್ನು ಮಾಡಿ, ಆದರೆ ಹಳೆ ಕಾರ್ಡನ್ನು ಬೀರುವಿಗೆ ಹಾಕಬೇಡಿ. ಯಾವ ಮಗುವಿಗೆ ಯಾವುದು ಹಿಡಿಸಿತು ಎಂದು ನಿಮ್ಮದೇ ನೋಟ್‌ಬುಕ್ಕಿನಲ್ಲಿ, ಯಾರಿಗೂ ತೋರಿಸಬೇಕಿಲ್ಲದ ಹಾಗೆ, ದಿನಕ್ಕೆ ಎರಡು ಸಾಲು ಬರೆಯಿರಿ. ಕ್ಲಸ್ಟರಿನ ಸಮಾಲೋಚನಾ ಸಭೆಯಲ್ಲಿ ಒಮ್ಮೆಯಾದರೂ ಎದ್ದು ಅದನ್ನು ಓದಿ. ಸಿಆರ್‌ಪಿ ವಿಷಯ ದಸರಾ ರಜೆಯ ತನಕ ಮುಟ್ಟಬೇಡಿ. ಆಗಲೂ ಹೋಗಬೇಕೆನಿಸಿದರೆ ಹೋಗಿ, ಮಕ್ಕಳನ್ನು ಬಿಟ್ಟು ಓಡಿಹೋದೆ ಎಂದು ಮಾತ್ರ ಅಂದುಕೊಳ್ಳಬೇಡಿ.

ಇದನ್ನು ಕೇಳಿದ ನಿವೃತ್ತ ಅಧಿಕಾರಿಯೊಬ್ಬರು, ನನ್ನ ಹಿರಿಯ ಸ್ನೇಹಿತರೇ, ಗದರಿದರು. "ನೋಟಿಸ್ ಬರಲಿ ಅಂತ ಹೇಳಿಕೊಡೋದು ಆಪ್ತಸಲಹೆಯೇನಮ್ಮಾ? ಬಿಟ್ಟು ಹೋಗು ಅಂತ ನೀವೇ ಅಂದ್ರೆ ಹಳ್ಳಿ ಶಾಲೆ ಉಳಿಯೋದು ಹೇಗೆ?" ನಾನು ಹೋಗಿ ಅನ್ನಲಿಲ್ಲ, ಬಾಗಿಲು ತೆರೆದಿದೆ ಅಂದೆ. ಬಾಗಿಲು ತೆರೆದಿದೆ ಎಂದು ಗೊತ್ತಾದ ಮೇಲೆ ಕೂತವರು ನೆಮ್ಮದಿಯಾಗಿ ಕೂತದ್ದನ್ನು ಎಷ್ಟೋ ಸಲ ನೋಡಿದ್ದೇನೆ. ನಾಳೆ ಅವರು ಆಸ್ಪತ್ರೆ ಸೇರಿದರೆ ನೋಟಿಸ್ ಕೊಟ್ಟವರು ಬಂದು ಆ ತರಗತಿ ತೆಗೆದುಕೊಳ್ಳುತ್ತಾರೆಯೇ?

ದಸರಾ ಕಳೆಯಿತು. ಸರೋಜಾ ಅರ್ಜಿ ಹಾಕಲಿಲ್ಲ, ಹಾಕುವುದಿಲ್ಲ ಎಂದೂ ಹೇಳಲಿಲ್ಲ. ಎರಡಕ್ಕೆ ಎಚ್ಚರವಾಗುವುದು ಪೂರ್ತಿ ನಿಂತಿಲ್ಲ. ಭಾನುವಾರ ಸಂಜೆ ಗಂಟಲು ಹಗುರ. ಸಭೆಯಲ್ಲಿ ಎದ್ದು ಓದಿದರಂತೆ, ಕೇಳಿದವರು ಇಬ್ಬರಂತೆ.

ಆದರೆ ನನಗೆ ಮೊದಲೇ ಹೊಳೆಯಬೇಕಿದ್ದ ಪ್ರಶ್ನೆ ಹೊಳೆದದ್ದು ಐದನೇ ಭೇಟಿಯಲ್ಲಿ. "ಹಾಗಾದ್ರೆ ಆ ಎಂಟ್ರಿಗಳನ್ನೆಲ್ಲ ಈಗ ಯಾರು ಮಾಡ್ತಾರೆ?"

"ನಮ್ಮ ಅತಿಥಿ ಶಿಕ್ಷಕಿ, ಆ ಹುಡುಗಿ ಮೇಡಂ. ಅವಳಿಗೆ ಮೊಬೈಲು ಚೆನ್ನಾಗಿ ಬರುತ್ತೆ" ಎಂದರು ಸರೋಜಾ, ಮಾತು ಅಲ್ಲಿಗೇ ನಿಂತಿತು.

ತಿಂಗಳಿಗೆ ಹತ್ತು-ಹನ್ನೆರಡು ಸಾವಿರದ ಗೌರವಧನ, ಬೇಸಿಗೆ ರಜೆಯಲ್ಲಿ ಅದೂ ಇಲ್ಲ, ಮುಂದಿನ ಜೂನ್‌ಗೆ ಕರೆಯುತ್ತಾರೋ ಇಲ್ಲವೋ ಗೊತ್ತಿಲ್ಲದ ಹುಡುಗಿ. ನಾನು ಒಬ್ಬರ ತಲೆಯಿಂದ ಇಳಿಸಿದ್ದು ನೇರ ಅವಳ ತಲೆಗೆ ಹೋಗಿತ್ತು.

ಕಳೆದ ಶನಿವಾರ ಸರೋಜಾ ಫೋನ್ ಮಾಡಿದರು. "ಅವಳಿಗೂ ಒಂದು ಟೈಮ್ ಕೊಡ್ತೀರಾ ಮೇಡಂ? ಫೀಸು ನಾನು ಕೊಡ್ತೀನಿ. ಹಾಳೆ ಮಾತ್ರ ಕೊಡಬೇಡಿ."