ಕರೆಂಟ್ ಹೋದದ್ದು ಅವರಿಗೆ ಗೊತ್ತಾಗುವುದು ಯಾವಾಗ?

ತೀರ್ಥಹಳ್ಳಿ ಕಡೆಯ ನಿವೃತ್ತ ಮೇಷ್ಟ್ರೊಬ್ಬರು ಬರೆದಿದ್ದಾರೆ: "ಕಂಬಕ್ಕೆ ಸೆನ್ಸರ್, ಟಿಸಿಗೆ (ಊರಿನ ಟ್ರಾನ್ಸ್‌ಫಾರ್ಮರಿಗೆ) ಸೆನ್ಸರ್, ಮನೆಗೆ ಸ್ಮಾರ್ಟ್ ಮೀಟರ್ ಅಂತ ದುಡ್ಡು ಸುರಿಯುವ ಮಾತು ಕೇಳುತ್ತಿದ್ದೇವೆ. ನಮ್ಮೂರಲ್ಲಿ ಕರೆಂಟ್ ಹೋಗುವುದು ಕೊಂಬೆ ಬಿದ್ದು. ಅದೇ ದುಡ್ಡಲ್ಲಿ ನಾಲ್ಕು ಜನ ಲೈನ್‌ಮನ್‌ಗಳನ್ನು ಹಾಕಿ, ಮಳೆಗಾಲಕ್ಕೆ ಮುಂಚೆ ಕೊಂಬೆ ಕಡಿಸಿದರೆ ಸಾಲದೇ? ಪರದೆ ನೋಡುತ್ತಾ ಕೂತರೆ ಕೊಂಬೆ ತಾನೇ ಬೀಳುವುದು ನಿಲ್ಲುತ್ತದೆಯೇ?"

ಮೇಷ್ಟ್ರೇ, ಕೊಂಬೆ ಕಡಿಸಬೇಕು, ಲೈನ್‌ಮನ್‌ಗಳು ಜಾಸ್ತಿ ಬೇಕು. ಎರಡೂ ಸರಿ. ಆದರೆ ಅಷ್ಟಕ್ಕೇ ನಿಲ್ಲಿಸಿಬಿಟ್ಟಿರಲ್ಲ, ಅದು ನನಗೆ ಒಪ್ಪಿಗೆಯಿಲ್ಲ.

ಕೊಂಬೆಯ ಕಥೆಯನ್ನೇ ತೆಗೆದುಕೊಳ್ಳಿ. 2003ರ ಆಗಸ್ಟ್ 14, ಅಮೆರಿಕದ ಒಹಾಯೋ. ಲೋಡ್ ಹೆಚ್ಚಾಗಿ ಕಾದ ತಂತಿಗಳು ಜೋತುಬಿದ್ದು, ಕಡಿಯದೆ ಬಿಟ್ಟಿದ್ದ ಮರಗಳಿಗೆ ತಾಗಿದವು. ಒಂದಾದ ಮೇಲೊಂದು ಲೈನ್ ಟ್ರಿಪ್ ಆಗಿ ತಾನಾಗಿ ಬಂದ್ ಆಯಿತು. ಆದರೆ ಅದಕ್ಕೆ ಮುಂಚೆಯೇ, ಮಧ್ಯಾಹ್ನ 2 ದಾಟುತ್ತಿದ್ದಂತೆ, ಕಂಟ್ರೋಲ್ ರೂಮಿನಲ್ಲಿ ಅಲಾರಂ ಸಾಫ್ಟ್‌ವೇರ್ ಕೆಟ್ಟಿತ್ತು. ಕೆಟ್ಟಿದೆ ಅನ್ನುವುದೇ ಕೂತವರಿಗೆ ಗೊತ್ತಿರಲಿಲ್ಲ. ಅಲಾರಂ ಮೊಳಗಲಿಲ್ಲ, ಹಾಗಾಗಿ ಎಲ್ಲ ಸರಿಯಿದೆ ಅಂದುಕೊಂಡರು. ಸಂಜೆ 4 ದಾಟಿದ ಕೂಡಲೇ ನ್ಯೂಯಾರ್ಕ್‌ನಿಂದ ಕೆನಡಾದ ಟೊರೊಂಟೊವರೆಗೆ ಸುಮಾರು 5 ಕೋಟಿ ಜನಕ್ಕೆ ಕರೆಂಟ್ ಇಲ್ಲ. ಒಹಾಯೋದ ಆ ಲೈನುಗಳ ಸುತ್ತಮುತ್ತ ಬೇಕೆಂದೇ ಕೆಲವು ಕಡೆ ಕರೆಂಟ್ ತೆಗೆದು ಸ್ವಲ್ಪ ಲೋಡ್ ಇಳಿಸಿದ್ದರೆ ಉಳಿದದ್ದೆಲ್ಲ ಉಳಿಯುತ್ತಿತ್ತು ಎಂದು ತನಿಖೆಯಲ್ಲಿ ಕಂಡುಬಂತು. ಸಮಯ ಇತ್ತು, ಮೇಷ್ಟ್ರೇ. ಕಣ್ಣು ಇರಲಿಲ್ಲ.

ನಮ್ಮ ದೇಶದಲ್ಲಿ 2012ರ ಜುಲೈ 30ರ ನಸುಕಿನಲ್ಲಿ ಉತ್ತರದ ಗ್ರಿಡ್, ಅಂದರೆ ವಿದ್ಯುತ್ ಜಾಲ, ಕುಸಿದು ಬಿತ್ತು. ಮಾರನೆಯ ಮಧ್ಯಾಹ್ನ ಉತ್ತರದ ಜೊತೆ ಪೂರ್ವ, ಈಶಾನ್ಯವೂ ಬಿದ್ದವು. 60 ಕೋಟಿ ಜನರಿಗೆ ತಟ್ಟಿತು. ಎರಡು ದಿನವೂ ಶುರುವಾದದ್ದು ಬೀನಾ–ಗ್ವಾಲಿಯರ್ 400 ಕೆವಿ ಲೈನಿನಲ್ಲಿ. ಅವತ್ತು ನಮ್ಮ ಮನೆಗಳಲ್ಲಿ ಫ್ಯಾನ್ ತಿರುಗುತ್ತಿತ್ತು, ಯಾಕೆಂದರೆ ದಕ್ಷಿಣದ ಗ್ರಿಡ್ ಆಗ ಬೇರೆಯೇ ಇತ್ತು. 2013ರ ಡಿಸೆಂಬರ್ 31ರಂದು ರಾಯಚೂರು–ಸೋಲಾಪುರ 765 ಕೆವಿ ಲೈನ್ ಜೋಡಿಸಿದ ಮೇಲೆ ನಾವೂ ಅದೇ ಜಾಲಕ್ಕೆ ಸೇರಿದೆವು. ಈಗ ಕಾಶ್ಮೀರದಿಂದ ಕನ್ಯಾಕುಮಾರಿವರೆಗೆ ಜನರೇಟರ್‌ಗಳೆಲ್ಲ 50 ಹರ್ಟ್ಜ್‌ನ ಒಂದೇ ತಾಳಕ್ಕೆ ತಿರುಗಬೇಕು. ಅಲ್ಲೆಲ್ಲೋ ಎಡವಿದರೆ ಇಲ್ಲಿಯೂ ಗೊತ್ತಾಗುತ್ತದೆ.

ಆ ತಾಳ ನೋಡುವ ಉಪಕರಣಕ್ಕೆ ಪಿಎಂಯು (ಫೇಸರ್ ಮೆಷರ್‌ಮೆಂಟ್ ಯೂನಿಟ್) ಅನ್ನುತ್ತಾರೆ. ಹಳೆಯ ವ್ಯವಸ್ಥೆಯಲ್ಲಿ ಸಬ್‌ಸ್ಟೇಷನ್ನಿನ ಅಂಕಿ ಕೆಲವು ಸೆಕೆಂಡಿಗೊಮ್ಮೆ ಬರುತ್ತದೆ. ಇದು ಸೆಕೆಂಡಿಗೆ 25, ಕೆಲವು ಕಡೆ 50 ಸಲ ಅಳೆದು ಕಳಿಸುತ್ತದೆ, ಉಪಗ್ರಹದ ಗಡಿಯಾರದ ಸಮಯ ಹಾಕಿ. 2012ರಲ್ಲಿ ಅಲ್ಲೊಂದು ಇಲ್ಲೊಂದು ಇದ್ದವು. ಏನು ಮೊದಲು ಬಿತ್ತು, ಏನು ಆಮೇಲೆ ಅಂತ ಬಿಡಿಸಿ ನೋಡಲು ಅವುಗಳ ದಾಖಲೆಯೂ ನೆರವಾಯಿತು.

ಇದೆಲ್ಲ ದೊಡ್ಡ ಲೈನಿನ ಮಾತು, ನಮ್ಮ ಟಿಸಿಗೇನು ಅಂತೀರಿ. ಅಲ್ಲೇ ನನ್ನ ಸಂಕಟ ಇರುವುದು.

ನಮ್ಮ ಚಿಕ್ಕಪ್ಪ ಕರೆಂಟ್ ಹೋದಾಗಲೆಲ್ಲ ಗೋಡೆಯ ಕ್ಯಾಲೆಂಡರಿನ ಚೌಕದಲ್ಲಿ ಪೆನ್ಸಿಲಿನಿಂದ ಹೋದ ಹೊತ್ತು, ಬಂದ ಹೊತ್ತು ಬರೆಯುತ್ತಿದ್ದರು. ಒಂದು ಜುಲೈ ತಿಂಗಳಲ್ಲಿ ಚೌಕಗಳು ಸಾಲದೆ ಅಂಚಿನವರೆಗೂ ಬರೆದಿದ್ದರು. ಆ ಹಾಳೆ ಹರಿದುಕೊಂಡು ದೂರು ಕೊಡಲು ಹೋದೆವು. ಅಲ್ಲಿದ್ದವರು ರಿಜಿಸ್ಟರ್ ತೆರೆದು ತೋರಿಸಿದರು. ಅಷ್ಟೂ ದಿನ ಫೀಡರ್, ಅಂದರೆ ಸಬ್‌ಸ್ಟೇಷನ್ನಿನಿಂದ ನಮ್ಮ ಕಡೆಗೆ ಬರುವ ಲೈನ್, ಚಾಲೂ ಇತ್ತು! ಅವರು ಸುಳ್ಳು ಹೇಳಲಿಲ್ಲ. ಸಬ್‌ಸ್ಟೇಷನ್ನಿನಿಂದ ಕರೆಂಟ್ ಹೊರಟಿತ್ತು. ನಮ್ಮೂರಿನ ಕಂಬದಲ್ಲಿ ಜಂಪ್ (ತಂತಿಯಿಂದ ತಂತಿಗೆ ಜೋಡಿಸುವ ತುಂಡು) ಕಟ್ ಆಗಿತ್ತು, ಅದು ಯಾವ ಪುಸ್ತಕಕ್ಕೂ ಹೋಗಿರಲಿಲ್ಲ. ಮುಂದೆ ಅದೇ ಟಿಸಿ ಸುಟ್ಟಿತು. ವಾರ ಮುಂಚೆಯೇ ಎಣ್ಣೆ ಸೋರಿ ಕಂಬದ ಬುಡದ ಹುಲ್ಲು ಕಪ್ಪಾಗಿತ್ತು, ಗುಂಯ್ ಎಂಬ ಸದ್ದು ಬದಲಾಗಿತ್ತು. ನೋಡಿದ್ದು ದನ ಮೇಯಿಸುವ ಹುಡುಗ. ಎಣ್ಣೆಯ ಬಿಸಿ, ಮೂರು ಫೇಸಿನ ಲೋಡ್ ಅಳೆದು ತಿಳಿಸುವ ಒಂದು ಪೆಟ್ಟಿಗೆ ಅಲ್ಲಿದ್ದಿದ್ದರೆ ಕಚೇರಿಗೂ ಗೊತ್ತಾಗುತ್ತಿತ್ತು, ಅಲ್ವಾ?

ನಿಮ್ಮ ಲೈನ್‌ಮನ್‌ಗೆ ಬರೋಣ. ರಾತ್ರಿ ಹನ್ನೊಂದು ಗಂಟೆ, ಜಡಿಮಳೆ, ಕಾಲಿಗೆ ಇಂಬಳ. ಆತ ಟಾರ್ಚ್ ಹಿಡಿದು ಅಡಿಕೆ ತೋಟದೊಳಗೆ ಕಂಬದಿಂದ ಕಂಬಕ್ಕೆ ನಡೆಯುತ್ತಾನೆ. ಕೊಂಬೆ ಬಿದ್ದದ್ದು ಎಡಗಡೆ ಲೈನಿಗೋ ಬಲಗಡೆಗೋ ಅವನಿಗೆ ಗೊತ್ತಿಲ್ಲ. ಲೈನ್ ಕವಲೊಡೆಯುವ ಕಡೆ ತಂತಿಗೆ ಸಿಕ್ಕಿಸುವ ಒಂದು ಸೂಚಕ ಇದೆ. ಆ ದಾರಿಯಲ್ಲಿ ಫಾಲ್ಟ್ ಕರೆಂಟ್ (ತೊಂದರೆಯಾದ ಜಾಗಕ್ಕೆ ನುಗ್ಗುವ ಕರೆಂಟ್) ಹರಿದಿದ್ದರೆ ಅದರ ದೀಪ ಮಿನುಗುತ್ತದೆ. ಮಿನುಗುವ ಕಡೆಗೆ ನಡೆದರೆ ಸಾಕು. ಲೈನ್‌ಮನ್ ಬೇಕೋ ಸೆನ್ಸರ್ ಬೇಕೋ ಅಂತ ನೀವು ಕೇಳಿದಿರಿ. ಆ ಮಳೆಯಲ್ಲಿ ನಿಂತವನನ್ನು ಕೇಳಿ ನೋಡಿ.

ನನ್ನ ಸಿಟ್ಟು ಇನ್ನೂ ಒಂದಿದೆ. ನಮ್ಮ ಮನೆ ಗೋಡೆಯ ಮೀಟರ್ ನಾವು ಕೊಡಬೇಕಾದದ್ದನ್ನು ಒಂದು ಯೂನಿಟ್ಟೂ ಬಿಡದೆ ಎಣಿಸುತ್ತದೆ. ನಮಗೆ ಬರಬೇಕಾಗಿ ಬಾರದೇ ಹೋದ ಗಂಟೆಗಳನ್ನು ಎಣಿಸುವವರು ಯಾರು? ಕರೆಂಟ್ ಅಷ್ಟೇ ಅಲ್ಲ. ನಲ್ಲಿಯಲ್ಲಿ ನೀರು ಬಾರದ ದಿನ, ಬಸ್ ಬಾರದ ಬೆಳಗ್ಗೆ, ಬಾಗಿಲು ತೆರೆಯದ ಆಸ್ಪತ್ರೆ, ಇವೆಲ್ಲ ಕಾದವರ ನೆನಪಿನಲ್ಲಷ್ಟೇ ಉಳಿಯುತ್ತವೆ. ಸ್ಮಾರ್ಟ್ ಮೀಟರ್ ಎಂದರೆ ಬಿಲ್ ಹಿಂಡುವ ಯಂತ್ರ ಎಂಬ ಭಯ ನಿಮ್ಮೊಬ್ಬರದ್ದಲ್ಲ. ಆದರೆ ಕರೆಂಟ್ ಹೋದ ಹೊತ್ತು, ಬಂದ ಹೊತ್ತು, ವೋಲ್ಟೇಜ್ ಇಳಿದದ್ದು, ಇದನ್ನೂ ಅದೇ ಮೀಟರ್ ಬರೆದಿಡಬಲ್ಲದು. ಆ ಲೆಕ್ಕ ನಮಗೂ ಕೊಡಿ ಅಂತ ಕೇಳೋಣ. ಮೀಟರ್ ಬೇಡ ಅಂದರೆ ಆ ಲೆಕ್ಕವೂ ಕೈಬಿಟ್ಟು ಹೋಗುತ್ತದೆ.

ಅಲ್ಲಿಯವರೆಗೆ ನೀವು ಒಂದು ಕೆಲಸ ಮಾಡಬೇಕು, ಮೇಷ್ಟ್ರೇ. ಹಾಜರಿ ಪುಸ್ತಕ ಬರೆದ ಕೈ ನಿಮ್ಮದು. ಈ ಮಳೆಗಾಲ ಪೂರ್ತಿ ನಿಮ್ಮೂರಿನ ಕರೆಂಟಿನ ಹಾಜರಿ ಬರೆಯಿರಿ. ದೀಪಾವಳಿ ಹೊತ್ತಿಗೆ ನನಗೆ ಕಳಿಸಿ. ಒಂದು ಅಕ್ಷರವೂ ಬಿಡದೆ ಅಚ್ಚು ಹಾಕುತ್ತೇನೆ.

— ಸಂಪಾದಕ