ಮಂಡಿ ನೋವಿನೊಂದಿಗೆ ಬಂದ ನೃತ್ಯ ಸಂಯೋಜಕಿ: ಒಂದು ಆಪ್ತಸಲಹೆ ಪ್ರಕರಣ

ಇಲ್ಲಿ ಆಕೆಯನ್ನು ವಿನಯಾ ಎಂದು ಕರೆಯುತ್ತೇನೆ. ಗುರುತು ಸಿಗದಂತೆ ವಯಸ್ಸು, ಊರು ಮತ್ತು ಕೆಲವು ಸಂದರ್ಭಗಳನ್ನು ಬದಲಿಸಿದ್ದೇನೆ. ಬರಹವನ್ನು ಅವರು ಓದಿ ಒಪ್ಪಿದ ನಂತರವೇ ಹಂಚಿಕೊಳ್ಳುತ್ತಿದ್ದೇನೆ.

36 ವರ್ಷದ ವಿನಯಾ ಶಿರಸಿ ಕಡೆಯವರು. ಭರತನಾಟ್ಯದಲ್ಲಿ ವಿದ್ವತ್ ಪರೀಕ್ಷೆ ಮುಗಿಸಿ, ಆರ್ಕಿಟೆಕ್ಚರ್ ಓದಿ, ಬೆಂಗಳೂರಿನಲ್ಲಿ ಮೂರು ವರ್ಷ ನೌಕರಿ ಮಾಡಿದ ಮೇಲೆ ಅದನ್ನು ಬಿಟ್ಟು ಸಮಕಾಲೀನ ನೃತ್ಯ ಸಂಯೋಜನೆಗೆ ಇಳಿದವರು. ನರ್ತಕರ ಚಲನೆಯನ್ನು ಸೆನ್ಸರ್‌ಗಳು ಗ್ರಹಿಸಿ ಬೆಳಕನ್ನೂ ಧ್ವನಿಯನ್ನೂ ಬದಲಿಸುವಂಥ ಪ್ರಯೋಗಗಳು ಅವರವು. ಕಳೆದ ಕೃತಿಗಾಗಿ ಬಡಗುತಿಟ್ಟು ಯಕ್ಷಗಾನದಲ್ಲಿ ಮೊಣಕಾಲೂರಿ ಸುತ್ತುವ ಮಂಡಿ ಕುಣಿತವನ್ನು ಅಭ್ಯಾಸ ಮಾಡುತ್ತಿದ್ದಾಗ ಮೊಣಕಾಲಿಗೆ ಪೆಟ್ಟಾಯಿತು. ಚಿಕ್ಕಂದಿನಿಂದ ಕಲಿತ ವಿದ್ಯೆಯಲ್ಲದ ಮಂಡಿಯನ್ನು, ಬಾಡಿಗೆ ಹಾಲ್‌ನ ಗ್ರಾನೈಟ್ ನೆಲದ ಮೇಲೆ, ದಿನಕ್ಕೆ ಹತ್ತಾರು ಸಲ ಹಾಕಿದ್ದರು. ವೈದ್ಯರು ಶಸ್ತ್ರಚಿಕಿತ್ಸೆ ಬೇಡವೆಂದರೂ ಆರು ತಿಂಗಳು ನೆಗೆತ, ಮಂಡಿ, ಮೊಣಕಾಲು ಬಗ್ಗಿಸಿ ನಿಲ್ಲುವ ಪೂರ್ಣ ಅರಮಂಡಿ ಯಾವುದೂ ಕೂಡದೆಂದಿದ್ದರು.

ಮೊದಲ ಭೇಟಿಯಲ್ಲಿ ಅವರು ಕೇಳಿದ್ದು ನೇರವಾದ ಪ್ರಶ್ನೆ: “ಮೇಡಂ, ನಾನು ವಾಪಸ್ ಆರ್ಕಿಟೆಕ್ಟ್ ಆಗಿಬಿಡಲೇ?” ನಿದ್ದೆ ಕೆಟ್ಟಿತ್ತು, ತಾಲೀಮಿಗೆ ಹೋಗುವ ದಾರಿಯಲ್ಲಿ ಅಳು ಬರುತ್ತಿತ್ತು. ಖಿನ್ನತೆಯನ್ನು ಅಳೆಯುವ ಪಿಎಚ್‌ಕ್ಯೂ-9 ಪ್ರಶ್ನಾವಳಿಯಲ್ಲಿ 27ಕ್ಕೆ 12 ಅಂಕ ಬಂದವು. ಅದು ಮಧ್ಯಮ ಹಂತ. ಸಾಯುವ ಯೋಚನೆ ಬರುತ್ತಿದೆಯೇ ಎಂದು ಸುತ್ತಿಬಳಸದೆ ಕೇಳಿದೆ, ಇಲ್ಲವೆಂದರು. ಮನೋವೈದ್ಯರ ಬಳಿಗೂ ಕಳುಹಿಸಿದೆ. ಅವರು ಸದ್ಯಕ್ಕೆ ಔಷಧ ಬೇಡ, ಆಪ್ತಸಲಹೆ ಮುಂದುವರಿಯಲಿ ಎಂದರು.

ಎರಡನೆಯ ಭೇಟಿಯಲ್ಲಿ ನಾನೊಂದು ತಪ್ಪು ಮಾಡಿದೆ. ಹಣದ ಚಿಂತೆಯೇ ಮುಖ್ಯವೆಂದು ಭಾವಿಸಿ, ಶಾಲೆಯೊಂದರಲ್ಲಿ ನೃತ್ಯ ಶಿಕ್ಷಕಿಯ ಕೆಲಸ ಹಿಡಿಯುವುದನ್ನು ಯೋಚಿಸಬಹುದಲ್ಲವೇ ಎಂದುಬಿಟ್ಟೆ. ವಿನಯಾ ತಲೆಯಾಡಿಸಿದರು, ಮುಂದಿನ ವಾರ ಬರಲಿಲ್ಲ. ಆಮೇಲೆ ಬಂದಾಗ, ಆ ಮಾತನ್ನು ಊರಿನಲ್ಲಿ ಅಪ್ಪ ಹತ್ತು ವರ್ಷದಿಂದ ಹೇಳುತ್ತಿದ್ದಾರೆ, ಅದಕ್ಕೆ ನಿಮಗೆ ಶುಲ್ಕ ಕೊಡಬೇಕಾಗಿರಲಿಲ್ಲ ಎಂದು ನಗುತ್ತಲೇ ಹೇಳಿದರು. ಪರಿಹಾರವನ್ನು ಮುಂದಿಡುವ ಅವಸರದಲ್ಲಿ ಸಮಸ್ಯೆ ಯಾವುದೆಂದು ನಾನು ಕೇಳಿಯೇ ಇರಲಿಲ್ಲ.

ಎರಡು ವಾರ ತಮ್ಮ ದುಡಿಮೆಯ ಗಂಟೆಗಳನ್ನು ಬರೆದಿಡಲು ಹೇಳಿದೆ. ವಾರಕ್ಕೆ ಸರಾಸರಿ 52 ಗಂಟೆ ಬಂತು. ಅದರಲ್ಲಿ ನರ್ತಕರೊಡನೆ ಕೃತಿ ಕಟ್ಟಿದ್ದು 11 ಗಂಟೆ. ಉಳಿದದ್ದು ಅನುದಾನದ ಅರ್ಜಿ, ಹಾಲ್ ಹುಡುಕಾಟ, ಬೆಳಕಿನವರಿಗೆ ಫೋನು, ವಸ್ತ್ರ, ಲೆಕ್ಕಪತ್ರ, ಜೊತೆಗೆ ಮನೆ ಬಾಡಿಗೆಗಾಗಿ ನಡೆಸುವ ಫಿಟ್‌ನೆಸ್ ತರಗತಿಗಳು. ಏಳು ತಿಂಗಳ ಕೃತಿಗೆ ಬಂದ ಮೂರು ಲಕ್ಷ ರೂಪಾಯಿ ಅನುದಾನದಲ್ಲಿ ಎಲ್ಲರಿಗೂ ಕೊಟ್ಟು ಅವರ ಕೈಗುಳಿದದ್ದು 18,000. ಬಜೆಟ್ ಹಾಳೆಯನ್ನು ತರಿಸಿ ನೋಡಿದೆ. ಸಂಗೀತ, ಬೆಳಕು, ಪ್ರೋಗ್ರಾಮಿಂಗ್, ಪ್ರಯಾಣ ಎಲ್ಲಕ್ಕೂ ಒಂದೊಂದು ಸಾಲಿತ್ತು, ನೃತ್ಯ ಸಂಯೋಜನೆಗೆ ಮಾತ್ರ ಇರಲಿಲ್ಲ. ಆ ಹಾಳೆಯನ್ನು ಬರೆದವರು ವಿನಯಾ ಅವರೇ.

ಈ ಹಾಳೆಯನ್ನು ಮೇಜಿನ ಮೇಲಿಟ್ಟುಕೊಂಡು ನಾವು ಬಹಳ ಹೊತ್ತು ಮಾತನಾಡಿದೆವು. ತಾನು ಕುಣಿದರೆ ಮಾತ್ರ ಕೆಲಸ, ಕುಣಿಸುವುದು ಅದರ ಜೊತೆಗೆ ತಾನಾಗಿ ಬರುವಂಥದ್ದು ಎಂಬ ನಂಬಿಕೆ ಅವರಲ್ಲಿ ಆಳವಾಗಿತ್ತು. ಆದ್ದರಿಂದಲೇ ಮಂಡಿ ಕೈಕೊಟ್ಟಾಗ ವೃತ್ತಿಯೇ ಮುಗಿಯಿತೆನ್ನಿಸಿತ್ತು. ದೊಡ್ಡವರ ಕಥೆ ಹೇಳಿ ಸಮಾಧಾನಪಡಿಸುವುದು ನಮ್ಮ ವೃತ್ತಿಯ ಒಂದು ಸೋಮಾರಿತನವಾದ್ದರಿಂದ ನಾನು ಯಾರ ಹೆಸರನ್ನೂ ಎತ್ತಲಿಲ್ಲ. ನೃತ್ಯ ಸಂಯೋಜಕಿ ಚಂದ್ರಲೇಖಾ ಅವರ ಹೆಸರನ್ನು ತಂದವರು ವಿನಯಾ. ವರ್ಷಗಳ ಕಾಲ ರಂಗದಿಂದ ದೂರವಿದ್ದು, ಪೋಸ್ಟರ್ ವಿನ್ಯಾಸ ಮತ್ತು ಮಹಿಳಾ ಚಳವಳಿಯಲ್ಲಿ ತೊಡಗಿದ್ದ ಚಂದ್ರಲೇಖಾ, 1985ರಲ್ಲಿ ಭರತನಾಟ್ಯ, ಯೋಗ, ಕಳರಿಪಯಟ್ಟುಗಳನ್ನು ಹೆಣೆದ ‘ಅಂಗಿಕಾ’ದೊಂದಿಗೆ ಮರಳಿ, ಮುಂದೆ ಇತರರ ದೇಹಗಳ ಮೇಲೆಯೇ ಕೃತಿಗಳನ್ನು ಕಟ್ಟಿದರು. 1928ರಲ್ಲಿ ಹುಟ್ಟಿದ ನಮ್ಮ ಮಲ್ಲೇಶ್ವರದ ಮಾಯಾ ರಾವ್ ಅವರಂತೂ ಮಾಸ್ಕೋದಲ್ಲಿ ನೃತ್ಯ ಸಂಯೋಜನೆಯನ್ನೇ ಪ್ರತ್ಯೇಕ ವಿದ್ಯೆಯಾಗಿ ಕಲಿತು ಬಂದು, ಅದನ್ನು ಕಲಿಸುವ ಸಂಸ್ಥೆಯನ್ನು 1964ರಲ್ಲಿ ದೆಹಲಿಯಲ್ಲಿ ಆರಂಭಿಸಿ, 1987ರಲ್ಲಿ ಬೆಂಗಳೂರಿಗೆ ತಂದರು. “ಇದೆಲ್ಲ ನನಗೆ ಗೊತ್ತು. ನನ್ನ ಕಾಲಿಗೆ ಗೊತ್ತಿಲ್ಲ” ಎಂದರು ವಿನಯಾ. ನರ್ತಕಿಯಾಗಿ ಕಳೆದುಕೊಂಡದ್ದಕ್ಕೆ ದುಃಖಿಸುವುದು ಬೇರೆ, ಸಂಯೋಜಕಿಯಾಗಿ ಮುಂದುವರಿಯುವುದು ಬೇರೆ ಎಂದು ನಾನು ಹೇಳಿದ್ದು ಅಂದೇ. ಆ ದುಃಖಕ್ಕೆಂದೇ ಎರಡು ಭೇಟಿಗಳನ್ನು ಬಿಟ್ಟುಕೊಟ್ಟೆವು, ಆಗ ಸಲಹೆಯ ಮಾತೇ ಬರಲಿಲ್ಲ.

ನಡುವೆ ಇನ್ನೊಂದು ವಿಷಯ ಹೊರಬಂತು. ಹಿಂದಿನ ಕೃತಿಯೊಂದನ್ನು ಅದರ ಧ್ವನಿ ಕಲಾವಿದರು ಬೇರೆಡೆ ತಮ್ಮೊಬ್ಬರ ಹೆಸರಿನಲ್ಲಿ ಪ್ರದರ್ಶಿಸಿದ್ದರು. ಗೆಳೆತನ ಕೆಡುತ್ತದೆಂದು ವಿನಯಾ ಸುಮ್ಮನಿದ್ದರು. ನಾನು ವಕೀಲೆಯಲ್ಲ. ಆದರೆ 1957ರ ಕೃತಿಸ್ವಾಮ್ಯ ಕಾಯ್ದೆಯು ನೃತ್ಯ ಸಂಯೋಜನೆಯನ್ನು ನಾಟಕ ಕೃತಿಯ ವ್ಯಾಖ್ಯೆಯೊಳಗೆ ಸೇರಿಸುತ್ತದೆ ಮತ್ತು ಅದು ಬರಹದಲ್ಲೋ ಬೇರೆ ರೀತಿಯಲ್ಲೋ ದಾಖಲಾಗಿರಬೇಕೆನ್ನುತ್ತದೆ ಎಂಬಷ್ಟನ್ನು ತಿಳಿಸಿ, ತಾಲೀಮಿನ ನೋಟ್‌ಬುಕ್‌ಗಳು ಮತ್ತು ವಿಡಿಯೊಗಳನ್ನು ದಿನಾಂಕದೊಂದಿಗೆ ಜೋಡಿಸಿಕೊಂಡು ಈ ಕಾಯ್ದೆ ಬಲ್ಲ ವಕೀಲರನ್ನು ಕಾಣಲು ಹೇಳಿದೆ. ಅದಕ್ಕೂ ಮೊದಲು ಆ ಗೆಳೆಯನಿಗೆ ಆರೋಪವಿಲ್ಲದ ಒಂದು ಪತ್ರ ಬರೆಯಲು ಸೂಚಿಸಿದೆ. ಅದರ ನಾಲ್ಕು ಕರಡುಗಳನ್ನು ನಮ್ಮ ಕೋಣೆಯಲ್ಲೇ ತಿದ್ದಿದೆವು.

ಉಳಿದ ಸಲಹೆಗಳು ಸಣ್ಣವು. ಮುಂದಿನ ಯಾವ ಬಜೆಟ್‌ನಲ್ಲೂ ಸಂಯೋಜನೆಯ ಶುಲ್ಕ ಮೊದಲ ಸಾಲಿನಲ್ಲಿರಬೇಕು. ಯಾರ ಹೆಸರು ಎಲ್ಲಿ, ಮರುಪ್ರದರ್ಶನಕ್ಕೆ ಯಾರ ಒಪ್ಪಿಗೆ ಎಂಬುದು ಮೊದಲ ತಾಲೀಮಿಗೆ ಮುನ್ನವೇ ಕಾಗದದ ಮೇಲೆ ಬರಬೇಕು. ಗೌರವಧನಗಳಿಂದ ಶೇ 10ರಷ್ಟು ತೆರಿಗೆ ಮೂಲದಲ್ಲೇ ಕಡಿತವಾಗಿದ್ದರೂ ಎರಡು ವರ್ಷ ರಿಟರ್ನ್ಸ್ ಸಲ್ಲಿಸಿರಲಿಲ್ಲ. ಲೆಕ್ಕ ಪರಿಶೋಧಕರನ್ನು ಕಂಡು, ಮರಳಿ ಬರಬೇಕಾದ ಹಣವನ್ನು ವಿಚಾರಿಸಲು ಹೇಳಿದೆ. ಮರದ ನೆಲವಿಲ್ಲದ ಹಾಲ್‌ನಲ್ಲಿ ನರ್ತಕರಿಂದ ನೆಗೆತ, ಮಂಡಿ ಮಾಡಿಸಬಾರದೆಂಬ ನಿಯಮವನ್ನು ಅವರೇ ಸೇರಿಸಿದರು. ಆರ್ಕಿಟೆಕ್ಟ್ ಆಗಿ ಮರಳುವ ಪ್ರಶ್ನೆಗೆ ನಾನು ಹೌದು, ಇಲ್ಲ ಎರಡನ್ನೂ ಹೇಳಲಿಲ್ಲ. ಹಳೆಯ ಸಹೋದ್ಯೋಗಿಯ ಕಚೇರಿಯಲ್ಲಿ ವಾರಕ್ಕೆ ಎರಡು ದಿನದ ಕೆಲಸ ಸಿಕ್ಕಿದಾಗ ಅವರು ಬಿಟ್ಟದ್ದು ಫಿಟ್‌ನೆಸ್ ತರಗತಿಗಳನ್ನು.

ಹನ್ನೊಂದನೆಯ ಭೇಟಿಯ ವೇಳೆಗೆ ಖಿನ್ನತೆಯ ಅಂಕ 5ಕ್ಕೆ ಇಳಿದಿತ್ತು. ಗೆಳೆಯನಿಂದ ಉತ್ತರ ಬಂದಿರಲಿಲ್ಲ, ವಕೀಲರ ಭೇಟಿ ಗೊತ್ತಾಗಿತ್ತು. ಹೊಸ ಕೃತಿಯ ತಾಲೀಮಿನಲ್ಲಿ ವಿನಯಾ ಕುರ್ಚಿಯ ಮೇಲೆ ಕೂತು, ಬರಿಯ ಮಾತು ಮತ್ತು ಕೈಸನ್ನೆಯಿಂದಲೇ ಹೇಳಿಕೊಡುತ್ತಿದ್ದಾರೆ. ಮೊದಲ ವಾರ ನರ್ತಕರಿಗೆ ಏನೂ ಅರ್ಥವಾಗಲಿಲ್ಲವಂತೆ. ಮೂರನೆಯ ವಾರ ಅವರಲ್ಲೊಬ್ಬ ಹುಡುಗ, “ಅಕ್ಕ, ನೀವು ಮಾಡಿ ತೋರಿಸದಿದ್ದರೇ ಒಳ್ಳೆಯದು, ಇಲ್ಲದಿದ್ದರೆ ನಾವೆಲ್ಲ ನಿಮ್ಮ ಹಾಗೇ ಕುಣಿಯುತ್ತೇವೆ” ಎಂದನಂತೆ. ಅದನ್ನು ನನಗೆ ಹೇಳುವಾಗ ಅವರ ಕಣ್ಣು ತುಂಬಿತ್ತು. ಅಪ್ಪನಿಗೆ ಮಂಡಿಯ ವಿಷಯವನ್ನು ಇನ್ನೂ ತಿಳಿಸಿಲ್ಲ.